ತಲಪಾಡಿಯಲ್ಲಿ ಬಸ್ ಬದಲಿಸುವವರು

ಮಾನವ ಭೂಗೋಳದ ಪಾಠದಲ್ಲಿ ದೂರ, ಗಡಿ, ಪ್ರದೇಶ, ಸ್ಥಳ ಅಂತ ಬರುವುದನ್ನು ಎಷ್ಟು ಓದಿದರೂ ತಲೆಗೆ ಹತ್ತುವುದಿಲ್ಲ ಅಂದಿರಿ. ಅದೇ ಉಸಿರಿನಲ್ಲಿ ಕೇಳಿದಿರಿ, 'ನೀವು ಕೇರಳದವರಲ್ವಾ, ಕನ್ನಡ ಎಲ್ಲಿ ಕಲಿತಿರಿ?' ಎರಡೂ ಒಂದೇ ಪ್ರಶ್ನೆ ಮಾರಾಯ್ರೆ.

ನಮ್ಮ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ, ಬಾಯಾರಿನ ಹತ್ತಿರ. ಮಂಗಳೂರಿಗೆ ಒಂದೂಕಾಲು ಗಂಟೆಯ ದಾರಿ. ನಮ್ಮ ರಾಜಧಾನಿ ತಿರುವನಂತಪುರಕ್ಕೆ ಸಂಜೆ ರೈಲು ಹತ್ತಿದರೆ ಇಳಿಯುವುದು ಮರುದಿನ ಬೆಳಗ್ಗೆ. ಹಾಗಾಗಿ ಮದುವೆ ಸೀರೆ, ಕಣ್ಣಿನ ಡಾಕ್ಟ್ರು, ಪಂಪಿನ ಬಿಡಿಭಾಗ, ಮಕ್ಕಳ ಕಾಲೇಜು ಎಲ್ಲದಕ್ಕೂ ಮಂಗಳೂರು. ಪಹಣಿ, ರೇಷನ್ ಕಾರ್ಡು, ಓಟು ಮಾತ್ರ ಕೇರಳದ್ದು. ಎಲ್ಲದಕ್ಕೂ ಎಲ್ಲದರ ಜೊತೆ ಸಂಬಂಧ ಉಂಟು, ಆದರೆ ಹತ್ತಿರದ್ದಕ್ಕೆ ಜಾಸ್ತಿ ಅಂತ 1970ರಲ್ಲಿ ಭೂಗೋಳಶಾಸ್ತ್ರಜ್ಞ ವಾಲ್ಡೊ ಟೋಬ್ಲರ್ ಹೇಳಿದ್ದು ನಿಮ್ಮ ಪಾಠದಲ್ಲೂ ಇರಬಹುದು. ಅದನ್ನು ನೋಡಬೇಕಾದರೆ ಎರಡು ರಾಜ್ಯಗಳ ಗಡಿಯಲ್ಲಿರುವ ತಲಪಾಡಿಗೆ ಬನ್ನಿ. ಮಂಗಳೂರಿನ ಸಿಟಿ ಬಸ್ಸು ಅಲ್ಲಿಗೆ ಬಂದು ತಿರುಗುತ್ತದೆ. ಕಾಸರಗೋಡಿನ ಖಾಸಗಿ ಬಸ್ಸೂ ಅಲ್ಲಿಗೇ ಬಂದು ತಿರುಗುತ್ತದೆ. ನಡುವೆ ಸ್ವಲ್ಪ ನಡೆಯಬೇಕು, ಅಷ್ಟೆ. ಬೋರ್ಡಿನ ಅಕ್ಷರ ಮಲಯಾಳ ಆಗುತ್ತದೆ, ಆದರೆ ಎರಡೂ ಕಡೆ ಕಂಡಕ್ಟರ್ ಬೈಯುವುದು ತುಳುವಿನಲ್ಲಿ. ಯಾವ ಕಡೆ ಪೆಟ್ರೋಲ್ ರೇಟು ಕಡಿಮೆಯೋ ಆ ಕಡೆ ಬಂಕಿನಲ್ಲಿ ಸಾಲು.

ಈ ಗಡಿ ನಮ್ಮ ಅಜ್ಜನ ಕಾಲದಲ್ಲಿ ಇರಲಿಲ್ಲ. ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿತು, ಆದರೆ ಆಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಕೊನೆಯವರೆಗೂ ಹೋರಾಡಿದರು. ಜನ ಮೊದಲು ಇದ್ದು, ಅವರ ಭಾಷೆ-ಬದುಕನ್ನು ಲೆಕ್ಕಿಸದೆ ಗೆರೆ ಆಮೇಲೆ ಬಂದರೆ ಅದನ್ನು ಹೇರಿದ ಗಡಿ ಅನ್ನುತ್ತಾರೆ.

ಅರವತ್ತು ವರ್ಷ ಅದು ನಮಗೆ ಅಷ್ಟಾಗಿ ತೊಂದರೆ ಕೊಡಲಿಲ್ಲ. 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಆದಾಗ, ಒಳದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರು. ನಮ್ಮ ಚಿಕ್ಕಮ್ಮನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಜೀಪು ತೆಗೆದುಕೊಂಡು ಹೋದ ನನ್ನ ತಮ್ಮ ಮಣ್ಣಿನ ರಾಶಿಯ ಮುಂದೆ ನಿಂತು ಫೋನ್ ಮಾಡಿದ. ಆ ಕಡೆಯ ಅಂಗಡಿಯವನು ಕಾಣುತ್ತಿದ್ದಾನಂತೆ, ಕೈ ಬೀಸುತ್ತಿದ್ದಾನಂತೆ. ಕೊನೆಗೆ ದಕ್ಷಿಣಕ್ಕೆ ತಿರುಗಿ, ಗುರುತು ಪರಿಚಯ ಇಲ್ಲದ ಆಸ್ಪತ್ರೆ ಹುಡುಕಿದೆವು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಚಿಕ್ಕಮ್ಮ ಈಗಲೂ ಇದ್ದಾರೆ. ತಲಪಾಡಿ ದಾಟುವಾಗ ಸೆರಗು ಸರಿಮಾಡಿಕೊಂಡು ಸುಮ್ನೆ ಕೂರುತ್ತಾರೆ.

ಪ್ರದೇಶ ಅನ್ನುವುದಕ್ಕೆ ನಮ್ಮಲ್ಲಿ ಸುರಂಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ರೈಲಿನದ್ದಲ್ಲ, ನೀರಿನದ್ದು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬಿದ್ದರೂ ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಉಳಿದದ್ದು ಮುರಕಲ್ಲಿನ (ಲ್ಯಾಟರೈಟ್ ಅನ್ನುವ ಕೆಂಪು ಕಲ್ಲು) ಗುಡ್ಡದ ಹೊಟ್ಟೆಯಲ್ಲಿ. ಅದಕ್ಕೆ ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆಯುವುದು. ಭುಜ ತಾಗುವಷ್ಟು ಅಗಲ, ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಒಬ್ಬ ಪಿಕ್ಕಾಸು ಹಾಕುತ್ತಾನೆ, ಇನ್ನೊಬ್ಬ ಮಣ್ಣು ಹೊರುತ್ತಾನೆ. ಮೇಣದಬತ್ತಿ ಮಂಕಾದರೆ ಗಾಳಿ ಸಾಲದು, ಹೊರಗೆ ಬರಬೇಕು. ಮೊದಲು ಗೋಡೆ ಬೆವರಿದ ಹಾಗೆ ಕಾಣುತ್ತದೆ, ಆಮೇಲೆ ಹನಿ, ಆಮೇಲೆ ಸಣ್ಣ ಎಳೆ. ನಮ್ಮದು 60 ಕೋಲು ಉದ್ದ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಕರೆಂಟು ಬೇಡ, ಪಂಪು ಬೇಡ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬಂದ ನೀರೇ ಮೊದಲು ತೋಟಕ್ಕೆ. ಈಗ ದಂಬೆಯ ಜಾಗಕ್ಕೆ ಪೈಪು ಬಂದಿದೆ.

ಸುರಂಗ ಇರುವ ಊರುಗಳಿಗೆ ಮ್ಯಾಪಿನಲ್ಲಿ ಗುರುತು ಹಾಕುತ್ತಾ ಹೋಗಿ. ಈಚೆ ಬಾಯಾರು, ಎಣ್ಮಕಜೆ, ಪಡ್ರೆ. ಆಚೆ ಬಂಟ್ವಾಳ ತಾಲೂಕಿನ ಮಾಣಿಲ, ಕೇಪು. ಅದೊಂದು ಪ್ರದೇಶ. ಅದಕ್ಕೆ ಹೆಸರಿಲ್ಲ, ಕಲೆಕ್ಟರಿಲ್ಲ. ಅಡಿಕೆಯದ್ದೂ ಹೀಗೇ. 1973ರಲ್ಲಿ ಎರಡೂ ರಾಜ್ಯ ಸೇರಿ ಶುರು ಮಾಡಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ನಮ್ಮ ಚೀಲವೂ ಹೋಗುತ್ತದೆ, ಪುತ್ತೂರಿನವರ ಚೀಲವೂ ಹೋಗುತ್ತದೆ.

ಇನ್ನು ಸ್ಥಳ, ಅಂದರೆ ಒಂದು ಜಾಗಕ್ಕೆ ಜನ ಕೊಡುವ ಅರ್ಥ. ಅದನ್ನು ತೋರಿಸಲು ಹೆಸರು ಸಾಕು. ಚಂದ್ರಗಿರಿಯಿಂದ ಇನ್ನೂ ದಕ್ಷಿಣಕ್ಕೆ ಒಂದು ತಾಲೂಕು ಉಂಟು, ಸರ್ಕಾರಿ ಕಾಗದದಲ್ಲಿ ಅದರ ಹೆಸರು ಇವತ್ತಿಗೂ ಹೊಸದುರ್ಗ. ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯಿಂದ ಬಂದ ಹೆಸರು. ಅಲ್ಲಿನ ಪೇಟೆಯಲ್ಲಿ ಯಾರನ್ನಾದರೂ ಕೇಳಿ, ಕಾಞಂಗಾಡ್ ಅನ್ನುತ್ತಾರೆ.

ಕನ್ನಡ ಎಲ್ಲಿ ಕಲಿತೆ ಅಂದರೆ, ಮನೆ ಹತ್ತಿರದ ಕೇರಳ ಸರ್ಕಾರದ ಕನ್ನಡ ಶಾಲೆಯಲ್ಲಿ. ನಿಮಗೆ ಇದು ಹೊಸದು, ಅಲ್ವಾ? ನಮ್ಮ ಮಕ್ಕಳು ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಸೀಟು ಕೇಳಿದರೆ ಮೊದಲು ಕನ್ನಡ ಪರೀಕ್ಷೆ ಬರೆದು ತೋರಿಸಬೇಕು. ಅಣ್ಣನ ಮಗಳು ಬರೆದು ಬಂದಳು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಪರೀಕ್ಷೆ ಯಾಕಿಲ್ಲ ಅಂತ ಅವಳ ತಕರಾರು.

ಬರುವುದಾದರೆ ಫೆಬ್ರವರಿಯ ಒಳಗೆ ಬನ್ನಿ. ಏಪ್ರಿಲಿಗೆ ಸುರಂಗದ ನೀರು ನೂಲಿನಷ್ಟಾಗಿರುತ್ತದೆ. ತಲಪಾಡಿಯಲ್ಲಿ ಇಳಿದು ಫೋನ್ ಮಾಡಿ, ಜೀಪು ತರುತ್ತೇನೆ.