ರೆಕಾರ್ಡಿಂಗ್ ಕೈಕೊಟ್ಟರೆ ಮೊದಲು ಫೈಲ್ ನೋಡಿ

ಹೋಂ ಥಿಯೇಟರ್ ಕಂಪ್ಯೂಟರಿನ ರೆಕಾರ್ಡಿಂಗ್ ತೊಂದರೆಗಳ ಬಗ್ಗೆ ಬಂದ ಐದು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಟಿವಿಗೆ ಹಳೆಯ ಕಂಪ್ಯೂಟರೊಂದನ್ನು ಜೋಡಿಸಿ, ಅದರೊಳಗೆ ಉಪಗ್ರಹದ ಚಾನೆಲ್ ಹಿಡಿಯುವ ಡಿವಿಬಿ-ಎಸ್2 ಟ್ಯೂನರ್ ಕಾರ್ಡ್ ಹಾಕಿಸಿದ್ದೇನೆ. ವಿಂಡೋಸ್ 10, ರೆಕಾರ್ಡಿಂಗ್‌ಗೆ ನೆಕ್ಸ್ಟ್‌ಪಿವಿಆರ್ ತಂತ್ರಾಂಶ. ಡಿಡಿ ಫ್ರೀ ಡಿಶ್‌ನಲ್ಲಿ ಬರುವ ಚಂದನದ ಯಕ್ಷಗಾನ, ಸಂಗೀತವನ್ನು ತಾಯಿಯವರಿಗಾಗಿ ರೆಕಾರ್ಡ್ ಮಾಡುತ್ತೇನೆ. ಮಳೆಗಾಲ ಶುರುವಾದಂದಿನಿಂದ ಒಂದು ದಿನ ರೆಕಾರ್ಡ್ ಆಗಿಯೇ ಇರುವುದಿಲ್ಲ, ಇನ್ನೊಂದು ದಿನ ಚಿತ್ರ ಚೌಕಚೌಕವಾಗಿ ಒಡೆದು ಹಾಡು ತುಂಡುತುಂಡಾಗುತ್ತದೆ. ಹಾರ್ಡ್ ಡಿಸ್ಕ್ ನಿಧಾನವಾಗಿದೆ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಲೇ? – ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಬೇಡ ಮೇಡಂ. ಆ ದುಡ್ಡು ಉಳಿಸಿ. ಸಾಮಾನ್ಯ ಗುಣಮಟ್ಟದ ಚಾನೆಲ್ಲೊಂದು ಸೆಕೆಂಡಿಗೆ 3 ಮೆಗಾಬಿಟ್‌ನಂತೆ ಬರುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ ಅರ್ಧ ಮೆಗಾಬೈಟ್‌ಗಿಂತಲೂ ಕಡಿಮೆ, ಗಂಟೆಗೆ ಸುಮಾರು 1.35 ಜಿಬಿ. ಹದಿನೈದು ವರ್ಷ ಹಳೆಯ ಹಾರ್ಡ್ ಡಿಸ್ಕೂ ಇದನ್ನು ನಿದ್ದೆಗಣ್ಣಿನಲ್ಲೇ ಬರೆದು ಮುಗಿಸುತ್ತದೆ.

ನಿಮ್ಮದು ಒಂದು ಕಾಯಿಲೆಯಲ್ಲ, ಎರಡು. ಎರಡನ್ನೂ ಸೇರಿಸಿ ನೋಡಿದ್ದರಿಂದ ಅಂಗಡಿಯವರು ಎಡವಿದ್ದಾರೆ. ರೆಕಾರ್ಡಿಂಗ್ ಕೆಟ್ಟಾಗ ನಾನು ತಂತ್ರಾಂಶದ ಸೆಟ್ಟಿಂಗ್ ಮುಟ್ಟುವುದೇ ಇಲ್ಲ, ಮೊದಲು ಫೈಲ್ ಇರುವ ಫೋಲ್ಡರ್ ತೆರೆಯುತ್ತೇನೆ. ಫೈಲೇ ಇಲ್ಲವೆಂದರೆ ಆ ಹೊತ್ತಿನಲ್ಲಿ ಕಂಪ್ಯೂಟರ್ ಎಚ್ಚರ ಇರಲಿಲ್ಲ, ಇಲ್ಲವೇ ಎದ್ದರೂ ಟ್ಯೂನರ್ ಅದರ ಕಣ್ಣಿಗೆ ಬೀಳಲಿಲ್ಲ. ಫೈಲ್ ಇದ್ದು ಗಾತ್ರ ಸೊನ್ನೆಯಾಗಿದ್ದರೆ ಟ್ಯೂನರ್ ಸಿಕ್ಕಿತು, ಸಿಗ್ನಲ್ ಸಿಗಲಿಲ್ಲ. ಉದ್ದ ಸರಿಯಿದ್ದು ಒಳಗೆ ಒಡೆದಿದ್ದರೆ ಸಿಗ್ನಲ್ ಸೊರಗಿದೆ.

ಮೊದಲು, ಫೈಲೇ ಇಲ್ಲದ ದಿನಗಳು. ರಾತ್ರಿ ಮಲಗುವಾಗ ಮನೆಯಲ್ಲಿ ಯಾರಾದರೂ ಕಂಪ್ಯೂಟರನ್ನು ಶಟ್‌ಡೌನ್ ಮಾಡುತ್ತಿದ್ದಾರೆಯೇ ವಿಚಾರಿಸಿ. ಸ್ಲೀಪ್‌ಗೆ ಹೋದ ಯಂತ್ರವನ್ನು ತಂತ್ರಾಂಶ ಸಮಯಕ್ಕೆ ಎಬ್ಬಿಸಬಲ್ಲದು, ಶಟ್‌ಡೌನ್ ಆದದ್ದನ್ನು ವಿಂಡೋಸ್ ಎಬ್ಬಿಸದು. ಸ್ಲೀಪ್‌ಗೇ ಬಿಡುತ್ತಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಲೀಪ್’ ಕೆಳಗೆ ‘ಅಲೋ ವೇಕ್ ಟೈಮರ್ಸ್’ ಹುಡುಕಿ. ಅಲ್ಲಿ ‘ಇಂಪಾರ್ಟೆಂಟ್ ವೇಕ್ ಟೈಮರ್ಸ್ ಓನ್ಲಿ’ ಎಂಬ ಮೋಸದ ಆಯ್ಕೆಯೊಂದಿದೆ. ಇಂಪಾರ್ಟೆಂಟ್ ಎಂದರೆ ನಿಮ್ಮ ತಾಯಿಯವರ ಯಕ್ಷಗಾನವಲ್ಲ, ವಿಂಡೋಸ್‌ನದೇ ಅಪ್‌ಡೇಟ್ ಮುಂತಾದ ಕೆಲಸಗಳು. ಅದನ್ನು ಬಿಟ್ಟು ‘ಎನೇಬಲ್’ ಆರಿಸಿ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘ಪವರ್‌ಸಿಎಫ್‌ಜಿ’ ಆದೇಶದ ಮುಂದೆ ಒಂದು ಓರೆಗೆರೆ ಎಳೆದು ‘ವೇಕ್‌ಟೈಮರ್ಸ್’ ಎಂದು ಟೈಪ್ ಮಾಡಿ (powercfg /waketimers). ಮುಂದಿನ ರೆಕಾರ್ಡಿಂಗ್‌ಗೆ ಅಲಾರಾಂ ಬಿದ್ದಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ.

ಮಲೆನಾಡಿನ ಮಳೆಗಾಲವೆಂದರೆ ಕರೆಂಟಿನ ಕಥೆಯೂ ಇರುತ್ತದೆ. ಒಂದು ಕ್ಷಣ ಹೋಗಿ ಬಂದರೆ ಡೆಸ್ಕ್‌ಟಾಪ್ ಆರಿಹೋಗುತ್ತದೆ, ಮತ್ತೆ ತಾನಾಗಿ ಏಳುವುದಿಲ್ಲ. ವಿಂಡೋಸ್‌ಗೂ ಮೊದಲು ಓಡುವ ಬಯಾಸ್‌ನ ಸೆಟ್ಟಿಂಗ್‌ಗಳಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಥವಾ ಅದೇ ಅರ್ಥದ ಆಯ್ಕೆಯನ್ನು ‘ಆನ್’ ಮಾಡಿಸಿ. ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಲೈಟು, ಫ್ಯಾನುಗಳಿಗೆ ತಿಳಿಯದಷ್ಟು ಸಣ್ಣ ಬಿಡುವೂ ಕಂಪ್ಯೂಟರಿಗೆ ದೊಡ್ಡದು.

ಇನ್ನು ಚೌಕಚೌಕವಾಗಿ ಒಡೆಯುವ ಚಿತ್ರ. ಒಡೆದದ್ದು ರೆಕಾರ್ಡ್ ಮಾಡುವಾಗಲೋ ಅಥವಾ ಈಗ ತೋರಿಸುವಾಗಲೋ? ಫೈಲನ್ನು ಪೆನ್ ಡ್ರೈವ್‌ಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ನೋಡಿ. 12ನೇ ನಿಮಿಷದಲ್ಲಿ ಒಡೆಯುತ್ತಿದ್ದದ್ದು ಅಲ್ಲಿಯೂ 12ನೇ ನಿಮಿಷದಲ್ಲೇ ಒಡೆದರೆ ಗಾಯ ಫೈಲಿನೊಳಗಿದೆ. ಜಾಗ ಬದಲಾದರೆ ಅಥವಾ ಮಾಯವಾದರೆ ನಿಮ್ಮ ಕಂಪ್ಯೂಟರಿನ ವಿಡಿಯೊ ಡ್ರೈವರ್ ಕಡೆ ಕೈಹಾಕಿ. ಡಿಜಿಟಲ್ ಟಿವಿಯ ಮಾಹಿತಿ 188 ಬೈಟ್‌ಗಳ ಪೊಟ್ಟಣಗಳಾಗಿ ಬರುತ್ತದೆ. ಒಂದು ಧಾರೆಯ ಪೊಟ್ಟಣಗಳ ಮೇಲೆ 0ಯಿಂದ 15ರವರೆಗೆ ಸರದಿ ಸಂಖ್ಯೆ ಬರೆದಿರುತ್ತದೆ. ಪುಸ್ತಕದಲ್ಲಿ 6ನೇ ಪುಟವಾದ ಮೇಲೆ 9 ಬಂದರೆ ನಡುವೆ ಯಾರೋ ಹಾಳೆ ಹರಿದಿದ್ದಾರೆ ಎಂದು ಗೊತ್ತಾಗುವುದಿಲ್ಲವೇ, ಹಾಗೆ. ವಿಎಲ್‌ಸಿಯ ‘ಟೂಲ್ಸ್’ನಲ್ಲಿ ‘ಕೋಡೆಕ್ ಇನ್ಫರ್ಮೇಶನ್’ ತೆರೆದು ‘ಸ್ಟ್ಯಾಟಿಸ್ಟಿಕ್ಸ್’ ಪುಟಕ್ಕೆ ಹೋದರೆ ಹರಿದ ಹಾಳೆಗಳ ಲೆಕ್ಕ ಏರುವುದು ಕಾಣುತ್ತದೆ.

ನೀವು ಮಳೆಗಾಲ ಎಂದಿರುವುದರಿಂದ ನನ್ನ ಅನುಮಾನ ಛಾವಣಿಯ ಮೇಲೆ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ, ಕೆಯು ಬ್ಯಾಂಡ್ ಎಂಬ ಸೂಕ್ಷ್ಮತರಂಗಗಳಲ್ಲಿ. ಜಡಿಮಳೆ ಈ ತರಂಗಗಳನ್ನು ಹೀರಿಬಿಡುತ್ತದೆ. ಮಳೆ ಸುರಿಯುವಾಗಷ್ಟೇ ಒಡೆದು, ನಿಂತ ಮೇಲೆ ಸರಿಯಾದರೆ ಡಿಶ್ ದೊಡ್ಡದು ಮಾಡುವುದೊಂದೇ ದಾರಿ. 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರ್ ಹಾಕಿದರೆ ತಟ್ಟೆಯ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ಆದರೆ ಮಳೆ ನಿಂತು ಬಿಸಿಲು ಬಂದ ಮೇಲೂ ಒಡೆಯುತ್ತಿದ್ದರೆ ಎಲ್‌ಎನ್‌ಬಿಗೆ, ಅಂದರೆ ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿಗೆ, ಕೇಬಲ್ ತಿರುಗಿಸಿ ಕೂರಿಸುವ ಕನೆಕ್ಟರನ್ನು ಬಿಚ್ಚಿಸಿ. ನಮ್ಮ ಮನೆಯಲ್ಲೂ ಹೀಗೆಯೇ ಆಗಿತ್ತು. ಎರಡು ವಾರ ಕಾರ್ಡ್, ಡ್ರೈವರ್ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಏಣಿ ಹತ್ತಿ ಕನೆಕ್ಟರ್ ಬಿಚ್ಚಿದರೆ ನಡುವಿನ ತಂತಿಗೆ ಹಸಿರು ಕಿಲುಬು ಹಿಡಿದಿತ್ತು, ಹೆಣಿಗೆಯ ಜಾಲರಿ ಕಪ್ಪಾಗಿತ್ತು, ಕೇಬಲ್ ಬಾಗಿಸಿದರೆ ಒಂದು ಹನಿ ನೀರು ಹೊರಗೆ ಬಂತು. ಒಂದಡಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಎಲ್‌ಎನ್‌ಬಿಯ ಕೆಳಗೆ ಕೇಬಲನ್ನು ಒಂದು ಸುತ್ತು ಜೋಲು ಬಿಟ್ಟರೆ ನೀರು ಆ ಜೋಲಿನ ತಳದಿಂದ ತೊಟ್ಟಿಕ್ಕುತ್ತದೆ, ಗೋಡೆಯೊಳಕ್ಕೆ ಇಳಿಯುವುದಿಲ್ಲ. ಏಣಿ ಹತ್ತುವ ಕೆಲಸವನ್ನು ನೀವು ಮಾಡಬೇಡಿ, ಡಿಶ್ ಹಾಕಿದವರನ್ನೇ ಕರೆಯಿರಿ. ಅವರು ಮೀಟರಿನಲ್ಲಿ ‘ಸ್ಟ್ರೆಂತ್’ ತೋರಿಸಿ ಎಲ್ಲ ಸರಿಯಿದೆ ಎಂದರೆ ‘ಕ್ವಾಲಿಟಿ’ ಎಷ್ಟಿದೆ ಎಂದು ಕೇಳಿ. ಸ್ಟ್ರೆಂತ್ ಗದ್ದಲವನ್ನೂ ಸೇರಿಸಿ ಎಣಿಸುತ್ತದೆ.

ಪ್ರಶ್ನೆ: ಮಗಳಿಗಾಗಿ ಸಂಜೆ ಕಿಕಾ ಎಚ್‌ಡಿ ಎಂಬ ಮಕ್ಕಳ ಚಾನೆಲ್ಲನ್ನು ಕಂಪ್ಯೂಟರಿನಲ್ಲಿ ಟಿವಿಹೆಡೆಂಡ್ ತಂತ್ರಾಂಶದ ಮೂಲಕ ರೆಕಾರ್ಡ್ ಮಾಡುತ್ತೇವೆ. ಫೈಲ್ ಒಂದು ಗಂಟೆ ಉದ್ದ ತೋರಿಸಿದರೂ ಏಳು ಗಂಟೆಯಿಂದ ಇಪ್ಪತ್ತು ನಿಮಿಷ ಮಾಯವಾಗಿರುತ್ತದೆ. ಡಿಶ್ ಒಂದೇ, ಅದರ ಕೇಬಲನ್ನು ಸ್ಪ್ಲಿಟರ್ ಹಾಕಿ ಟಿವಿಗೂ ಕಂಪ್ಯೂಟರಿಗೂ ಕೊಟ್ಟಿದ್ದೇವೆ. – ಮ್ಯೂನಿಕ್‌ನ ಕನ್ನಡಿಗ ದಂಪತಿ

ಉತ್ತರ: ಏಳು ಗಂಟೆಗೆ ನಿಮ್ಮಲ್ಲಿ ಯಾರೋ ಒಬ್ಬರು ಝಡ್‌ಡಿಎಫ್ ಎಚ್‌ಡಿಯಲ್ಲಿ ವಾರ್ತೆ ನೋಡುತ್ತೀರಿ, ಅಲ್ಲವೇ? ಕಳ್ಳ ಅಲ್ಲಿದ್ದಾನೆ.

ಟ್ಯೂನರ್ ತನಗೆ ಬೇಕಾದ ತರಂಗವನ್ನು ಎಲ್‌ಎನ್‌ಬಿಗೆ ಹೇಳುವುದು ಕೇಬಲಿನಲ್ಲಿ ಕಳಿಸುವ ವೋಲ್ಟೇಜಿನಿಂದ. 13 ವೋಲ್ಟ್ ಎಂದರೆ ಲಂಬವಾಗಿ ಕಂಪಿಸುವ ತರಂಗ, 18 ವೋಲ್ಟ್ ಎಂದರೆ ಅಡ್ಡವಾಗಿ ಕಂಪಿಸುವುದು. ಜೊತೆಗೆ 22 ಕಿಲೋಹರ್ಟ್ಸ್‌ನ ಸ್ವರ ಸೇರಿದರೆ ಮೇಲಿನ ಬ್ಯಾಂಡ್, ಇಲ್ಲದಿದ್ದರೆ ಕೆಳಗಿನದು. 19.2 ಡಿಗ್ರಿ ಪೂರ್ವದ ಅಸ್ಟ್ರಾ ಉಪಗ್ರಹಗಳಲ್ಲಿ ಕಿಕಾ ಎಚ್‌ಡಿ ಇರುವುದು 11347 ಮೆಗಾಹರ್ಟ್ಸ್‌ನಲ್ಲಿ, ಲಂಬವಾಗಿ. ಝಡ್‌ಡಿಎಫ್ ಎಚ್‌ಡಿ 11362ರಲ್ಲಿ, ಅಡ್ಡವಾಗಿ. ಒಂದೇ ಕೇಬಲಿಗೆ ಎರಡೂ ಕಡೆಯಿಂದ ವೋಲ್ಟೇಜ್ ಬಂದಾಗ ಹೆಚ್ಚಿನದು ಗೆಲ್ಲುತ್ತದೆ. ಟಿವಿಯ 18 ವೋಲ್ಟ್ ಕಂಪ್ಯೂಟರಿನ 13 ವೋಲ್ಟನ್ನು ನುಂಗಿತು, ರೆಕಾರ್ಡಿಂಗ್ ಕುರುಡಾಯಿತು. ವಾರ್ತೆ ಮುಗಿದು ಟಿವಿ ಆರಿಸಿದೊಡನೆ ಮತ್ತೆ ಕಣ್ಣು ಬಂತು. ನೀವು ಝಡ್‌ಡಿಎಫ್ ರೆಕಾರ್ಡಿಗೆ ಇಟ್ಟು ಮಗಳು ಟಿವಿಯಲ್ಲಿ ಕಿಕಾ ಹಾಕಿದರೆ ರೆಕಾರ್ಡಿಂಗ್ ಉಳಿಯುತ್ತದೆ, ಅಳು ಶುರುವಾಗುತ್ತದೆ.

ಸ್ಪ್ಲಿಟರ್ ಎಷ್ಟೇ ದುಬಾರಿಯಾದರೂ ಇದಕ್ಕೆ ಮದ್ದಲ್ಲ. ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡನೆಯ ಕೇಬಲ್ ಎಳೆಯಿರಿ. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ ಎಂದಾದರೆ ಯುನಿಕೇಬಲ್ ಎಲ್‌ಎನ್‌ಬಿ ಇದೆ. ಹಳೆಯ ಇಎನ್ 50494 ಮಾನದಂಡದಲ್ಲಿ ಒಂದೇ ತಂತಿಯಲ್ಲಿ 8 ಟ್ಯೂನರ್‌ಗಳು, ಹೊಸ ಇಎನ್ 50607ರಲ್ಲಿ 32. ಕೊಳ್ಳುವ ಮುನ್ನ ಟಿವಿ, ಕಾರ್ಡ್ ಎರಡೂ ಅದನ್ನು ಬಲ್ಲವೇ ಎಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಆಂಟೆನಾದಿಂದ ಬರುವ ಸ್ಥಳೀಯ ಎಚ್‌ಡಿ ಚಾನೆಲ್‌ಗಳನ್ನು ರೆಕಾರ್ಡ್ ಮಾಡುತ್ತೇನೆ. ಅರ್ಧ ಗಂಟೆಯ ವಾರ್ತೆ ಸರಿಯಾಗಿ ಬರುತ್ತದೆ, ಫುಟ್ಬಾಲ್ ಪಂದ್ಯ ಮಾತ್ರ ಒಮ್ಮೆ 45 ನಿಮಿಷಕ್ಕೆ, ಒಮ್ಮೆ 55 ನಿಮಿಷಕ್ಕೆ ನಿಂತುಹೋಗುತ್ತದೆ. ಮೊದಲು ಗೇಮ್ ಕನ್ಸೋಲಿಗೆ ಬಳಸುತ್ತಿದ್ದ 500 ಜಿಬಿ ಡ್ರೈವ್‌ನಲ್ಲಿ 400 ಜಿಬಿ ಖಾಲಿ ಇದೆ. – ಡಲ್ಲಾಸ್

ಉತ್ತರ: ನಿಮಿಷ ಎಣಿಸಬೇಡಿ, ಗಾತ್ರ ನೋಡಿ. ನಿಂತುಹೋದ ಫೈಲುಗಳೆಲ್ಲ 4 ಜಿಬಿಯ ಹೊಸ್ತಿಲಲ್ಲೇ ಬಿದ್ದಿರುತ್ತವೆ ಎಂದು ಪಂದ್ಯ ಕಟ್ಟುತ್ತೇನೆ. ಡ್ರೈವ್ ಎಫ್‌ಎಟಿ32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲ್ 4,29,49,67,295 ಬೈಟ್ ದಾಟುವಂತಿಲ್ಲ, ಪಕ್ಕದಲ್ಲಿ 400 ಜಿಬಿ ಖಾಲಿ ಬಿದ್ದಿದ್ದರೂ. ಸೆಕೆಂಡಿಗೆ 12 ಮೆಗಾಬಿಟ್ ಬರುವ ಚಾನೆಲ್ ಸುಮಾರು 48 ನಿಮಿಷಕ್ಕೆ ಆ ಗಡಿ ಮುಟ್ಟುತ್ತದೆ, 10 ಮೆಗಾಬಿಟ್‌ನದು 57 ನಿಮಿಷಕ್ಕೆ. ನಿಮ್ಮ 45–55ರ ಗುಟ್ಟು ಇಷ್ಟೇ. ಇರುವುದನ್ನು ಬೇರೆಡೆಗೆ ನಕಲಿಸಿಟ್ಟು ಡ್ರೈವನ್ನು ಈ ಮಿತಿಯಿಲ್ಲದ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಪಂದ್ಯ ಎಳೆದಾಡುವುದು ಇದ್ದೇ ಇರುವುದರಿಂದ ರೆಕಾರ್ಡಿಂಗ್ ಕೊನೆಗೆ ಒಂದು ಗಂಟೆ ಹೆಚ್ಚುವರಿ ಇಡಿ.

ಪ್ರಶ್ನೆ: ಡಿಟಿಎಚ್ ಬಾಕ್ಸಿನ ಎಚ್‌ಡಿಎಂಐ ತಂತಿಯನ್ನು, ಚಿತ್ರವನ್ನು ಕಂಪ್ಯೂಟರಿಗೆ ತಲುಪಿಸುವ ಕ್ಯಾಪ್ಚರ್ ಕಾರ್ಡ್‌ಗೆ ಕೊಟ್ಟರೆ ಬರೀ ಕಪ್ಪು ಪರದೆ. ಕಾರ್ಡ್ ಕೆಟ್ಟಿದೆಯೇ? – ಮಂಗಳೂರು

ಉತ್ತರ: ಕೆಟ್ಟಿಲ್ಲ. ಬಾಕ್ಸ್ ಎಚ್‌ಡಿಸಿಪಿ ಎಂಬ ಬೀಗ ಹಾಕಿ ಚಿತ್ರ ಕಳಿಸುತ್ತಿದೆ, ರೆಕಾರ್ಡ್ ಮಾಡುವ ಉಪಕರಣಕ್ಕೆ ಅದರ ಕೀಲಿ ಕೊಡುವುದಿಲ್ಲ. ಬೀಗ ಒಡೆಯುವ ದಾರಿ ನನ್ನಲ್ಲಿ ಕೇಳಬೇಡಿ. ಯುಎಸ್‌ಬಿ ಡ್ರೈವ್‌ಗೆ ರೆಕಾರ್ಡ್ ಮಾಡುವ ಬಾಕ್ಸುಗಳಿವೆ, ಆ ಫೈಲ್ ಅದೇ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಎರಡೂ ಇವೆ. ಓದಿಗೆ ಉಬುಂಟು ಬಳಸುವಾಗ ಮೊಬೈಲಿನಿಂದ ಇಂಟರ್ನೆಟ್ ಕೊಡುತ್ತೇನೆ, ವಿಂಡೋಸ್‌ಗೆ ಕೊಡುವುದಿಲ್ಲ. ವಿಂಡೋಸ್‌ನಲ್ಲಿ ಸಂಜೆ ಏಳರ ವಾರ್ತೆ ರೆಕಾರ್ಡ್‌ಗೆ ಇಟ್ಟರೆ ನಡುರಾತ್ರಿಯ ಯಾವುದೋ ಕಾರ್ಯಕ್ರಮ ಸಿಗುತ್ತದೆ. ಫೈಲಿನ ಮೇಲೆ ಮಾತ್ರ ಏಳು ಗಂಟೆ ಎಂದೇ ಇದೆ. – ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಫೈಲೇ ಸಾಕ್ಷಿ ಎಂದು ಮೇಲೆಲ್ಲ ಬರೆದುಕೊಂಡು ಬಂದೆ, ನಿಮ್ಮ ಫೈಲ್ ಸುಳ್ಳುಸಾಕ್ಷಿ ಹೇಳುತ್ತಿದೆ. ಸಿಕ್ಕ ಕಾರ್ಯಕ್ರಮ ರಾತ್ರಿ ಹನ್ನೆರಡೂವರೆಯದ್ದು ತಾನೇ? ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ, ಅಂದರೆ ಗ್ರೀನಿಚ್‌ಗೂ ನಮಗೂ ಇರುವ ಅಂತರ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಸಾಮಾನ್ಯವಾಗಿ ಗ್ರೀನಿಚ್ ಸಮಯ ಬರೆದಿಡುತ್ತದೆ. ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಇಂಟರ್ನೆಟ್ ಇದ್ದಿದ್ದರೆ ವಿಂಡೋಸ್ ಎಂದಾದರೂ ತಿದ್ದಿಕೊಳ್ಳುತ್ತಿತ್ತು.

ಉಬುಂಟುವಿನ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶಕ್ಕೆ ‘ಸೆಟ್-ಲೋಕಲ್-ಆರ್‌ಟಿಸಿ’ ಎಂದು ಸೇರಿಸಿ, ಮುಂದೆ 1 ಬರೆದು ಎಂಟರ್ ಒತ್ತಿ (timedatectl set-local-rtc 1). ಎಚ್ಚರಿಕೆಯ ಸಾಲುಗಳು ಬಂದರೆ ಗಾಬರಿಯಾಗಬೇಡಿ. ಅವು ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ದೇಶದವರಿಗೆ, ಮೇಲಿನ ಮ್ಯೂನಿಕ್, ಡಲ್ಲಾಸ್‌ನವರಂಥವರಿಗೆ. ನಂತರ ವಿಂಡೋಸ್‌ಗೆ ಹೋಗಿ ಸಮಯವನ್ನು ಕೈಯಾರೆ ಒಮ್ಮೆ ಸರಿಪಡಿಸಿ. ಇಷ್ಟಾದ ಮೇಲೂ ಗಡಿಯಾರ ತಪ್ಪಿ, ದಿನಾಂಕವೇ ಹಲವು ವರ್ಷ ಹಿಂದಕ್ಕೆ ಜಿಗಿದರೆ ಮದರ್‌ಬೋರ್ಡಿನ ಗುಂಡಿಯಾಕಾರದ ಸಿಆರ್2032 ಸೆಲ್ ಮುಗಿದಿದೆ, ಬದಲಿಸಿ.