ಕೇಳಿದರೆ ಎಲ್ಲರೂ ‘ಇಲ್ಲ’ ಅಂತಾರೆ, ಅಳೆಯೋದು ಹೇಗೆ?

ಹೈಸ್ಕೂಲ್ ಮಕ್ಕಳಿಗೆ ‘ಸಿಗರೇಟ್ ಸೇದುತ್ತೀಯಾ? ಯಾಕೆ?’ ಎಂದು ಕೇಳಿದಾಗ ಹೆಚ್ಚಿನವರು ‘ಇಲ್ಲ’ ಎಂದೇ ಬರೆದರು, ಈಗ ಏನು ಮಾಡಲಿ ಅಂತ ಕೇಳಿದ್ದೀರಿ. ಒಳ್ಳೆಯ ಕೆಲಸ ಕೈಗೆತ್ತಿಕೊಂಡಿದ್ದೀರಿ, ದಯವಿಟ್ಟು ಬಿಡಬೇಡಿ.

ಹಾಳೆ ತುಂಬುವಾಗ ಮೇಷ್ಟ್ರು ಕ್ಲಾಸಿನಲ್ಲಿ ಇರಬಾರದು. ಹೆಸರು, ರೋಲ್ ನಂಬರ್ ಎರಡೂ ಬೇಡ. ‘ಸೇದುತ್ತೀಯಾ’ ಬದಲು ‘ಕಳೆದ 30 ದಿನಗಳಲ್ಲಿ ಎಷ್ಟು ದಿನ ಸೇದಿದ್ದೀಯಾ’ ಎಂದು ಕೇಳಿ. 13ರಿಂದ 15 ವರ್ಷದವರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ ಹೀಗೇ ಕೇಳುತ್ತಾರೆ. 2019ರಲ್ಲಿ ಭಾರತದಲ್ಲಿ ಈ ವಯಸ್ಸಿನ ಶೇ. 8.5 ಶಾಲಾ ಮಕ್ಕಳು ಯಾವುದೋ ಒಂದು ಬಗೆಯ ತಂಬಾಕು ಬಳಸುತ್ತಿದ್ದರು.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು: ‘ನಿನ್ನ ಜೀವದ ಗೆಳೆಯ ಸಿಗರೇಟ್ ಕೊಟ್ಟರೆ ಸೇದುತ್ತೀಯಾ?’ ಉತ್ತರಕ್ಕೆ ನಾಲ್ಕು ಆಯ್ಕೆ: ಖಂಡಿತ ಇಲ್ಲ, ಬಹುಶಃ ಇಲ್ಲ, ಬಹುಶಃ ಹೌದು, ಖಂಡಿತ ಹೌದು. ಇನ್ನೂ ಸೇದದ ಹುಡುಗ ‘ಬಹುಶಃ ಇಲ್ಲ’ ಅಂದರೂ ಅವನ ಮನಸ್ಸು ಗಟ್ಟಿಯಾಗಿಲ್ಲ ಅಂತಲೇ ಲೆಕ್ಕ. ‘ಇಲ್ಲ’ ಅಂದವರಲ್ಲೂ ನಿಮಗೆ ವ್ಯತ್ಯಾಸ ಸಿಗುತ್ತದೆ, ಅಲ್ವಾ?

ಮನೆಯಲ್ಲಿ ಯಾರು ಸೇದುತ್ತಾರೆ, ಬಿಡಿ ಸಿಗರೇಟ್ ಎಷ್ಟು ಸುಲಭವಾಗಿ ಸಿಗುತ್ತದೆ, ಬೇಜಾರು ಎಷ್ಟಿದೆ, ಇವನ್ನೂ ಸೇರಿಸಿ. ಗೆಳೆಯರ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಸೇದುವ ಮಕ್ಕಳು ತಮ್ಮ ಗೆಳೆಯರೂ ಸೇದುತ್ತಾರೆ ಅಂತ ಇರುವುದಕ್ಕಿಂತ ಹೆಚ್ಚು ಅಂದಾಜು ಮಾಡುವುದುಂಟು. ಗೆಳೆಯರಿಂದ ಚಟ ಬಂತೋ, ಚಟದಿಂದ ಅಂಥ ಗೆಳೆಯರು ಸಿಕ್ಕರೋ ಅನ್ನುವುದು ಒಂದೇ ಸಲ ಕೇಳಿದರೆ ತಿಳಿಯುವುದಿಲ್ಲ. ಆರು ತಿಂಗಳು ಬಿಟ್ಟು ಅದೇ ಮಕ್ಕಳನ್ನು ಮತ್ತೆ ಕೇಳಿ. ಎರಡು ಹಾಳೆ ಹೊಂದಿಸಲು ಅಮ್ಮನ ಹೆಸರಿನ ಮೊದಲ ಅಕ್ಷರ, ತಾವು ಹುಟ್ಟಿದ ತಾರೀಕು ಸೇರಿಸಿ ಮಕ್ಕಳೇ ಒಂದು ಗುಟ್ಟಿನ ಗುರುತು ಬರೆಯಲಿ. ಪೋಷಕರ ಒಪ್ಪಿಗೆ ಮೊದಲೇ ಪಡೆಯಿರಿ.