‘ಬ್ಯಾಕ್ ಟು ದಿ ಫ್ಯೂಚರ್’ ಸಿನಿಮಾವನ್ನು ಒಂಬತ್ತು ವರ್ಷದ ಮಗುವಿಗೆ ತೋರಿಸಬಹುದಾ?

ನಿಮಗೆ ಒಂಬತ್ತು ವರ್ಷದ ಮಗಳು, ಹನ್ನೆರಡು ವರ್ಷದ ಮಗ. ರಜೆಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು 1985ರ ಹಾಲಿವುಡ್ ಕಾಮಿಡಿ ‘ಬ್ಯಾಕ್ ಟು ದಿ ಫ್ಯೂಚರ್’ ನೋಡಬೇಕು ಅಂದುಕೊಂಡಿದ್ದೀರಿ. ನೀವು ನೋಡಿದ್ದು ಕಾಲೇಜಿನ ದಿನಗಳಲ್ಲಿ. ನಕ್ಕಿದ್ದು ನೆನಪಿದೆ, ಉಳಿದದ್ದು ಮರೆತಿದೆ. ಮಕ್ಕಳ ಮುಂದೆ ಮುಜುಗರ ಆಗುವಂಥದ್ದು, ಅವರು ಹೆದರುವಂಥದ್ದು ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ಇದೆ. ಆದರೂ ತೋರಿಸಿ ಅಂತಲೇ ಹೇಳುತ್ತೇನೆ. ಮಗನಿಗೆ ಧಾರಾಳವಾಗಿ ತೋರಿಸಿ. ಮಗಳಿಗಾದರೆ ನೀವು ಪಕ್ಕದಲ್ಲೇ ಕೂತಿರಬೇಕು. ಅದಕ್ಕೂ ಮೊದಲು, ಮಕ್ಕಳು ಮಲಗಿದ ಮೇಲೆ ನೀವೊಬ್ಬರೇ ಒಂದು ಸಲ ಪೂರ್ತಿ ನೋಡಿಬಿಡಿ. ಎರಡು ಗಂಟೆಗೆ ನಾಲ್ಕು ನಿಮಿಷ ಕಡಿಮೆ, ಅಷ್ಟೇ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮಗಳಿಗೆ ಏಳು ವರ್ಷ ಇದ್ದಾಗ, ‘ಹಳೇ ಕಾಮಿಡಿ ಅಲ್ವಾ, ಏನಾಗುತ್ತೆ’ ಅಂದುಕೊಂಡು ಹಾಗೇ ಹಾಕಿಬಿಟ್ಟಿದ್ದೆ. ಮೊದಲ ಅರ್ಧ ಗಂಟೆಯೊಳಗೆ ಒಂದು ದೃಶ್ಯ ಬರುತ್ತದೆ. ವಿಜ್ಞಾನಿ ಡಾಕ್ ಬ್ರೌನ್ ತನ್ನ ನಾಯಿ ಐನ್‌ಸ್ಟೈನ್‌ನನ್ನು ಕಾರಿನಲ್ಲಿ ಕೂರಿಸಿ, ರಿಮೋಟ್‌ನಿಂದ ಕಾರನ್ನು ಓಡಿಸುತ್ತಾನೆ. ವೇಗ ಗಂಟೆಗೆ 88 ಮೈಲಿ, ಅಂದರೆ ಸುಮಾರು 142 ಕಿಲೋಮೀಟರ್ ಮುಟ್ಟಿದ ಕೂಡಲೇ ಕಾರು ಮಾಯ. ನೆಲದ ಮೇಲೆ ಎರಡು ಬೆಂಕಿಯ ಗೆರೆ ಮಾತ್ರ ಉಳಿಯುತ್ತದೆ. ನಮಗೆ ಅದು ಟೈಮ್ ಮೆಷಿನ್. ನಾಯಿ ಒಂದು ನಿಮಿಷ ಮುಂದಕ್ಕೆ ಹೋಗಿದೆ, ಈಗ ಬರುತ್ತದೆ ಅಂತ ಗೊತ್ತು. ಏಳು ವರ್ಷದ ಮಗುವಿಗೆ ಕಂಡಿದ್ದು ನಾಯಿ ಸುಟ್ಟುಹೋಯಿತು ಅಂತ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕಾರು ಹಿಮ ಹತ್ತಿಕೊಂಡು ವಾಪಸ್ ಬಂತು, ನಾಯಿಯೂ ಇಳಿಯಿತು. ಅವಳಿಗೆ ಸಮಾಧಾನ ಆಗುವಷ್ಟರಲ್ಲಿ ಬಂದೂಕು ಹಿಡಿದವರು ವ್ಯಾನಿನಲ್ಲಿ ಬಂದು ಡಾಕ್‌ಗೇ ಗುಂಡು ಹೊಡೆದರು. ಅಲ್ಲಿಗೆ ಟಿವಿ ಆಫ್ ಮಾಡಿದೆ. ಆಮೇಲೆ ಎಷ್ಟೋ ದಿನ ಅವಳು ಆ ನಾಯಿಯ ಬಗ್ಗೆಯೇ ಕೇಳುತ್ತಿದ್ದಳು. ಡಾಕ್ ಬದುಕುತ್ತಾನೆ ಅನ್ನುವುದು ಸಿನಿಮಾದ ಕೊನೆಗೆ ಗೊತ್ತಾಗುತ್ತದೆ. ನಾನು ಅರ್ಧಕ್ಕೆ ನಿಲ್ಲಿಸಿದ್ದರಿಂದ ಅವಳ ಪಾಲಿಗೆ ಅವನು ಸತ್ತೇ ಹೋಗಿದ್ದ. ಅದು ನನ್ನ ತಪ್ಪು.

ಮೂರು ವರ್ಷ ಬಿಟ್ಟು ಮತ್ತೆ ತೋರಿಸಿದೆ. ಆಗ ಅವಳಿಗೆ ಹತ್ತು. ಜೊತೆಗೆ ನನ್ನ ಅಣ್ಣನ ಮಗ, ಅವನಿಗೆ ಹನ್ನೊಂದು. ಈ ಸಲ ಶುರುವಿನಲ್ಲೇ ‘ನಾಯಿಗೂ ಏನೂ ಆಗಲ್ಲ, ಆ ತಾತನಿಗೂ ಏನೂ ಆಗಲ್ಲ’ ಅಂತ ಹೇಳಿಬಿಟ್ಟೆ. ಕಥೆಯ ಗುಟ್ಟು ಸ್ವಲ್ಪ ಹಾಳಾಯಿತು, ನಿಜ. ಆದರೆ ಮಕ್ಕಳು ನೆಮ್ಮದಿಯಾಗಿ ನೋಡಿದರು. ಗುಂಡಿನ ದೃಶ್ಯಕ್ಕೆ ಇಬ್ಬರೂ ಅಲುಗಾಡಲಿಲ್ಲ.

ಅವರು ಹೆದರಿದ್ದು ನಾನು ಎಣಿಸದೇ ಇದ್ದ ಜಾಗದಲ್ಲಿ. ಮರೆತಿದ್ದರೆ ಕಥೆ ಇಷ್ಟು: 1985ರಲ್ಲಿರುವ ಹದಿನೇಳರ ಹುಡುಗ ಮಾರ್ಟಿ ಆ ಕಾರಿನಲ್ಲಿ 1955ಕ್ಕೆ ಹೋಗಿ ಬೀಳುತ್ತಾನೆ. ತನ್ನ ಅಪ್ಪ ಅಮ್ಮ ಮೊದಲ ಸಲ ಭೇಟಿಯಾಗುವುದನ್ನು ಗೊತ್ತಿಲ್ಲದೆ ತಪ್ಪಿಸುತ್ತಾನೆ. ಒಂದು ವಾರದೊಳಗೆ ಅವರನ್ನು ಸೇರಿಸದಿದ್ದರೆ ಅವನು ಹುಟ್ಟುವುದೇ ಇಲ್ಲ. ಅವನ ಜೇಬಿನಲ್ಲಿ ಅಣ್ಣ, ಅಕ್ಕ, ತಾನು ನಿಂತಿರುವ ಫೋಟೋ ಇದೆ. ಆ ಫೋಟೋದಲ್ಲಿ ಮೊದಲು ಅಣ್ಣನ ತಲೆ ಅಳಿಸಿಹೋಗುತ್ತದೆ, ಆಮೇಲೆ ಅಕ್ಕ. ಕೊನೆಗೆ ವೇದಿಕೆಯ ಮೇಲೆ ಗಿಟಾರ್ ನುಡಿಸುತ್ತಿರುವ ಮಾರ್ಟಿಯ ಕೈಯೇ ಪಾರದರ್ಶಕ ಆಗುತ್ತದೆ. ಅಣ್ಣನ ಮಗ ನನ್ನ ತೋಳು ಹಿಡಿದುಕೊಂಡ. ರಕ್ತ ಇಲ್ಲ, ಕಿರುಚಾಟ ಇಲ್ಲ. ‘ನಾನೇ ಇಲ್ಲದಂತಾದರೆ’ ಅನ್ನುವ ಯೋಚನೆ ಆ ವಯಸ್ಸಿಗೆ ತುಂಬಾ ಭಾರ. ನಿಮ್ಮ ಮಗಳು ಇನ್ನೂ ಮಲಗುವಾಗ ದೀಪ ಹಚ್ಚಿಡಿ ಅಂತ ಕೇಳುವ ಸ್ವಭಾವದವಳಾದರೆ ಈ ಜಾಗದಲ್ಲಿ ಅವಳ ಮುಖ ನೋಡುತ್ತಿರಿ.

ಈಗ ನಿಜವಾಗಿ ಯೋಚಿಸಬೇಕಾದ ದೃಶ್ಯಕ್ಕೆ ಬರುತ್ತೇನೆ. ಶಾಲೆಯ ಡ್ಯಾನ್ಸ್ ರಾತ್ರಿ, ಹೊರಗೆ ನಿಲ್ಲಿಸಿದ ಕಾರಿನಲ್ಲಿ ನಡೆಯುವುದು. ಬಿಫ್ ಅನ್ನುವ ಪುಂಡ ಮಾರ್ಟಿಯನ್ನು ಹೊರಗೆಳೆದು, ತಾನು ಒಳಗೆ ನುಗ್ಗುತ್ತಾನೆ. ಅವನ ಗೆಳೆಯರು ಮಾರ್ಟಿಯನ್ನು ಇನ್ನೊಂದು ಕಾರಿನ ಡಿಕ್ಕಿಯಲ್ಲಿ ಹಾಕಿ ಮುಚ್ಚುತ್ತಾರೆ. ಕಾರಿನಲ್ಲಿ ಲೊರೇನ್, ಅಂದರೆ ಮುಂದೆ ಮಾರ್ಟಿಯ ಅಮ್ಮ ಆಗುವ ಹುಡುಗಿ, ಕೂಗುತ್ತಾ ಒದ್ದಾಡುತ್ತಾಳೆ. ಅಲ್ಲಿಗೆ ಬರುವ ಪುಕ್ಕಲು ಜಾರ್ಜ್, ಅಂದರೆ ಮುಂದೆ ಮಾರ್ಟಿಯ ಅಪ್ಪ ಆಗುವವನು, ಕೊನೆಗೆ ಬಿಫ್‌ನ ಮುಖಕ್ಕೆ ಒಂದು ಗುದ್ದು ಕೊಡುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುವುದು ಆ ಗುದ್ದಿಗೆ. ನಾನೂ ಚಿಕ್ಕವಳಿದ್ದಾಗ ಹಾಗೇ ತಟ್ಟಿದ್ದೆ. ದೊಡ್ಡವಳಾಗಿ ನೋಡಿದಾಗ ಕಂಡಿದ್ದು ಆ ಹುಡುಗಿಯ ಕಾಲುಗಳು. ಇದು ಬಲಾತ್ಕಾರದ ಪ್ರಯತ್ನ. ಸಿನಿಮಾ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಜಾರ್ಜ್‌ಗೆ ಧೈರ್ಯ ಬಂತು ಅನ್ನುವಲ್ಲಿಗೆ ಮಾತು ಮುಗಿಸುತ್ತದೆ.

ಅದಕ್ಕೂ ಹಿಂದೆ ಇನ್ನೊಂದಿದೆ. ಮಾರ್ಟಿ ಹಾಕಿದ್ದ ಯೋಜನೆಯೇ ಅದು: ತಾನು ಅವಳ ಜೊತೆ ಕೆಟ್ಟದಾಗಿ ನಡೆದುಕೊಂಡಂತೆ ನಟಿಸಬೇಕು, ಜಾರ್ಜ್ ಬಂದು ಅವಳನ್ನು ಕಾಪಾಡಿದಂತೆ ಮಾಡಬೇಕು. ಆ ಹುಡುಗಿಗೆ ಇದೇನೂ ಗೊತ್ತಿಲ್ಲ. ಕೊನೆಯಲ್ಲಿ 1985ಕ್ಕೆ ಮರಳಿದಾಗ ಅದೇ ಬಿಫ್ ಅವರ ಮನೆ ಮುಂದೆ ಕಾರಿಗೆ ಪಾಲಿಶ್ ಹಚ್ಚುತ್ತಾ, ಹಲ್ಲು ಕಿರಿಯುತ್ತಾ ನಿಂತಿರುತ್ತಾನೆ. ಅದನ್ನು ತಮಾಷೆಯಾಗಿ ತೋರಿಸಿದ್ದಾರೆ. ತನ್ನ ಮೇಲೆ ಕೈ ಮಾಡಿದವನು ಮೂವತ್ತು ವರ್ಷ ಆದಮೇಲೂ ಮನೆಯಂಗಳದಲ್ಲಿ ಓಡಾಡಿಕೊಂಡಿದ್ದರೆ ಲೊರೇನ್‌ಗೆ ಹೇಗನ್ನಿಸುತ್ತಿತ್ತು? ಸಿನಿಮಾ ಕೇಳುವುದಿಲ್ಲ. ನನಗೆ ಅದು ಇವತ್ತಿಗೂ ಒಪ್ಪಿಗೆ ಇಲ್ಲ.

ಹಾಗಂತ ಆ ದೃಶ್ಯವನ್ನು ಓಡಿಸಿಬಿಡಬೇಡಿ. ಓಡಿಸಿದರೆ ಅಲ್ಲಿ ಏನೋ ಇದೆ ಅಂತ ಮಕ್ಕಳಿಗೆ ಇನ್ನೂ ಜಾಸ್ತಿ ಕುತೂಹಲ. ಮುಗಿಯುವವರೆಗೆ ಸುಮ್ಮನೆ ನೋಡಿ, ಆಮೇಲೆ ಪಾಜ್ ಒತ್ತಿ. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಬಿಫ್ ಮಾಡ್ತಿದ್ದದ್ದು ಏನು?’ ಅಣ್ಣನ ಮಗ ‘ಜಗಳ’ ಅಂದ. ಮಗಳು ‘ಅಲ್ಲ, ಬ್ಯಾಡ್ ಟಚ್’ ಅಂದಳು. ಶಾಲೆಯಲ್ಲಿ ಅದನ್ನು ಹೇಳಿಕೊಟ್ಟಿದ್ದರು. ಹುಡುಗನಿಗೂ ಹೇಳಿಕೊಟ್ಟಿದ್ದರು, ಆದರೆ ಸಿನಿಮಾದಲ್ಲಿ ಅದನ್ನು ಗುರುತಿಸಲು ಅವನಿಗೆ ಆಗಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಈ ಮಾತು ನಿಮ್ಮ ಮಗಳಿಗಿಂತ ನಿಮ್ಮ ಮಗನಿಗೆ ಹೆಚ್ಚು ಬೇಕು. ಐದು ನಿಮಿಷ ಮಾತಾಡಿದೆವು, ಮತ್ತೆ ಸಿನಿಮಾ ಮುಂದುವರಿಸಿದೆವು. ಯಾರ ಖುಷಿಯೂ ಕೆಡಲಿಲ್ಲ.

1955ರಲ್ಲಿ ಇನ್ನೂ ಹುಡುಗಿಯಾಗಿರುವ ಅಮ್ಮನಿಗೇ, ಅವನು ಯಾರೆಂದು ಗೊತ್ತಿಲ್ಲದೆ, ಮಗನ ಮೇಲೆ ಮನಸ್ಸಾಗುತ್ತದಲ್ಲ, ಅದಕ್ಕೆ ನೀವು ಹೆದರುತ್ತಿದ್ದರೆ ಬಿಟ್ಟುಬಿಡಿ. ದೊಡ್ಡವರಿಗೆ ಮಾತ್ರ ಅದು ಇರಿಸುಮುರುಸು. ಈ ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಬಾಬ್ ಗೇಲ್ ಹೇಳಿದ್ದಾರೆ: ಬೇರೆ ಸ್ಟುಡಿಯೋಗಳು ಇದು ತೀರಾ ಸಭ್ಯವಾಯಿತು, ಡಿಸ್ನಿಗೆ ಕೊಡಿ ಅಂದವಂತೆ. ಡಿಸ್ನಿಯವರು ಇದೇ ಅಮ್ಮ-ಮಗನ ವಿಷಯಕ್ಕೆ ಬೇಡ ಅಂದರಂತೆ. ಮಕ್ಕಳಿಗೆ ಸರಿಯೋ ಅಲ್ಲವೋ ಅನ್ನುವ ಚರ್ಚೆ ಸಿನಿಮಾ ಹುಟ್ಟುವ ಮೊದಲೇ ಶುರುವಾಗಿತ್ತು ನೋಡಿ. ನಮ್ಮ ಮನೆಯಲ್ಲಿ ಇಬ್ಬರೂ ‘ಅಯ್ಯೋ, ಅದು ಅವನ ಅಮ್ಮ!’ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರ್ಟಿಯೇ ತಪ್ಪಿಸಿಕೊಳ್ಳಲು ಒದ್ದಾಡುತ್ತಾನೆ, ಅದೇ ತಮಾಷೆ. ಒಂದು ಮುತ್ತು ಇದೆ. ಕೊಟ್ಟ ಕೂಡಲೇ ಅವಳೇ ‘ತಮ್ಮನಿಗೆ ಮುತ್ತು ಕೊಟ್ಟ ಹಾಗಿದೆ’ ಅಂತ ಹಿಂದೆ ಸರಿಯುತ್ತಾಳೆ. ಜಾರ್ಜ್ ಮರ ಹತ್ತಿ ದುರ್ಬೀನು ಹಿಡಿದು ಅವಳ ಕಿಟಕಿ ಇಣುಕುವುದು ಮಾತ್ರ ನಗುವ ವಿಷಯ ಅಲ್ಲ. ಅದನ್ನೂ ಒಂದು ಮಾತಿನಲ್ಲಿ ಹೇಳಿಬಿಡಿ.

ಇಷ್ಟೆಲ್ಲ ಇದ್ದೂ ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ಪಿಜಿ, ಅಂದರೆ ಹೆತ್ತವರು ಜೊತೆಗಿರಲಿ ಅನ್ನುವ ಗುರುತು. ಪಿಜಿ-13 ಅನ್ನುವ ಗುರುತು 1984ರಲ್ಲೇ ಬಂದಿತ್ತು. ಈ ಸಿನಿಮಾ ಬಿಡುಗಡೆ ಆಗಿದ್ದು ಅದಾಗಿ ಒಂದು ವರ್ಷಕ್ಕೆ, 1985ರ ಜುಲೈನಲ್ಲಿ. ಆದರೂ ಹದಿಮೂರರ ಎಚ್ಚರಿಕೆ ಹಾಕಲಿಲ್ಲ. ಆ ಕಾಲದ ಪಿಜಿಯನ್ನು ಈಗಿನ ಕಾರ್ಟೂನ್ ಸಿನಿಮಾಗಳ ಪಿಜಿ ಜೊತೆ ಸೇರಿಸಬೇಡಿ. ನಮ್ಮಲ್ಲಿ 2021ರ ನಿಯಮಗಳ ಪ್ರಕಾರ ಓಟಿಟಿಯಲ್ಲಿ ಯು, ಯು/ಎ 7+, 13+, 16+, ಎ ಅಂತ ಗುರುತು ಹಾಕಬೇಕು, ಕಾರಣವನ್ನೂ ಕೊಡಬೇಕು. 13+ ಅಥವಾ ಅದಕ್ಕಿಂತ ಮೇಲಿನದಕ್ಕೆ ಪೇರೆಂಟಲ್ ಲಾಕ್ ಸೌಲಭ್ಯ ಇರಲೇಬೇಕು. ನಾನು ಸಂಖ್ಯೆಗಿಂತ ಅದರ ಪಕ್ಕದಲ್ಲಿ ಬರೆದ ಕಾರಣವನ್ನು ಓದುತ್ತೇನೆ. ‘ಬೈಗುಳ’ ಅಂತಿದ್ದರೆ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ‘ಲೈಂಗಿಕ ಹಿಂಸೆ’ ಅಂತಿದ್ದರೆ ಮೊದಲು ನಾನು ನೋಡುತ್ತೇನೆ.

ಬೈಗುಳ ಇದರಲ್ಲಿ ಸಾಕಷ್ಟಿದೆ, ಎಲ್ಲ ಇಂಗ್ಲಿಷಿನವು. ಸ್ಕೂಲ್ ಬಸ್ಸಿನಲ್ಲಿ ಕೇಳದೇ ಇರುವಂಥದ್ದು ಕಡಿಮೆ. ಲೊರೇನ್ ಕಾರಿನಲ್ಲಿ ಕುಡಿಯುತ್ತಾಳೆ, ಸಿಗರೇಟು ಹಚ್ಚುತ್ತಾಳೆ. ಮೊದಲ ಭಾಗದಲ್ಲಿ ದೊಡ್ಡವಳಾದ ಅವಳು ಊಟದ ಮೇಜಿನಲ್ಲೂ ಕುಡಿಯುತ್ತಿರುತ್ತಾಳೆ. ಅದು ಖುಷಿಯ ಕುಡಿತ ಅಲ್ಲ ಅಂತ ಮಕ್ಕಳಿಗೂ ಗೊತ್ತಾಗುತ್ತದೆ.

ಗುಂಡು ಹೊಡೆಯುವವರ ಬಗ್ಗೆ ಒಂದು ಮಾತು. ಡಾಕ್ ಕಾರಿಗೆ ಬೇಕಾದ ಪ್ಲುಟೋನಿಯಂ ಅನ್ನು ಲಿಬಿಯಾದ ಉಗ್ರರಿಂದ ಮೋಸ ಮಾಡಿ ಪಡೆದಿರುತ್ತಾನೆ. ಬಾಂಬ್ ಮಾಡಿಕೊಡುತ್ತೇನೆ ಅಂದು, ಆಟದ ಯಂತ್ರದ ಹಳೇ ಬಿಡಿಭಾಗ ತುಂಬಿದ ಡಬ್ಬ ಕೊಟ್ಟಿರುತ್ತಾನೆ. ಅವರು ಸಿನಿಮಾದಲ್ಲಿ ಬರುವುದು ಅರಚುವುದಕ್ಕೆ, ಗುಂಡು ಹಾರಿಸುವುದಕ್ಕೆ ಮಾತ್ರ. ಒಂದು ದೇಶದ ಜನರನ್ನು ಹೀಗೆ ತೋರಿಸುವುದು ಆ ಕಾಲದ ಹಾಲಿವುಡ್‌ನಲ್ಲಿ ಸಾಮಾನ್ಯವಾಗಿತ್ತು. ನಿಮ್ಮ ಮಗನಿಗೆ ಇದು ಅರ್ಥವಾಗುವ ವಯಸ್ಸು. ಬಿಫ್‌ನ ಗೆಳೆಯನೊಬ್ಬ ಕರಿಯ ವಾದ್ಯಗಾರರನ್ನು ಕೀಳು ಪದದಿಂದ ಬೈಯುವುದೂ ಇದೆ. ಇನ್ನು ಮಾರ್ಟಿ ನುಡಿಸುವ ‘ಜಾನಿ ಬಿ. ಗುಡ್’ ಹಾಡು. ಅಮೆರಿಕದ ಕರಿಯ ರಾಕ್ ಗಾಯಕ ಚಕ್ ಬೆರಿ ಈ ಬಿಳಿ ಹುಡುಗನಿಂದ ಅದನ್ನು ಫೋನಿನಲ್ಲಿ ಕೇಳಿಸಿಕೊಂಡ ಹಾಗೆ ಸಿನಿಮಾ ತಮಾಷೆ ಮಾಡುತ್ತದೆ. ನಿಜವಾಗಿ ಅದು ಚಕ್ ಬೆರಿಯದೇ ಹಾಡು, ಬಂದಿದ್ದು 1958ರಲ್ಲಿ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ಲೇಪನದ ಧ್ವನಿಮುದ್ರಿಕೆಯಲ್ಲಿ ಆ ಹಾಡೂ ಇದೆ, ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಹಾಡಿದ ‘ಜಾತ್ ಕಹಾಂ ಹೋ’ ಕೂಡ ಇದೆ. ಇದನ್ನು ಹೇಳಿದಾಗ ಅಣ್ಣನ ಮಗ ಸಿನಿಮಾಕ್ಕಿಂತ ಹೆಚ್ಚು ಬೆರಗಾದ.

ಒಂಬತ್ತರ ಮಗಳಿಗೆ ಇನ್ನೊಂದು ತೊಡಕು, ಕಥೆ ಅರ್ಥವಾಗುವುದು. ಇಡೀ ತಮಾಷೆ ನಿಂತಿರುವುದು 1985 ಮತ್ತು 1955ರ ನಡುವಿನ ವ್ಯತ್ಯಾಸದ ಮೇಲೆ. ಈಗಿನ ಮಕ್ಕಳಿಗೆ ಎರಡೂ ಹಳೇ ಕಾಲವೇ. ಕ್ಯಾಸೆಟ್ ಕೇಳುವ ವಾಕ್‌ಮನ್, ಹೆಗಲ ಮೇಲೆ ಹೊರುವ ವಿಡಿಯೋ ಕ್ಯಾಮೆರಾ, ಯಾವುದೂ ಗೊತ್ತಿಲ್ಲ. ನಟ ರೊನಾಲ್ಡ್ ರೇಗನ್ ಅಮೆರಿಕದ ಅಧ್ಯಕ್ಷ ಆಗಿದ್ದಾನೆ ಅಂದರೆ 1955ರ ಡಾಕ್ ನಂಬುವುದೇ ಇಲ್ಲ. ನಟರು ಮುಖ್ಯಮಂತ್ರಿ ಆಗುವುದನ್ನು ಕಂಡ ನಮ್ಮ ಕಡೆಯವರಿಗೆ ಅದರಲ್ಲಿ ಅಂಥ ಆಶ್ಚರ್ಯವೂ ಇಲ್ಲ. ನಾನು ಸಿನಿಮಾ ಶುರು ಮಾಡುವ ಮೊದಲು ಒಂದು ಹಾಳೆಯ ಮೇಲೆ ಉದ್ದ ಗೆರೆ ಎಳೆದು, 1955, 1985, ಮಗಳು ಹುಟ್ಟಿದ ವರ್ಷ, ಮೂರನ್ನೂ ಗುರುತು ಮಾಡಿದ್ದೆ. ಅಜ್ಜಿ ಯಾವಾಗ ಹುಟ್ಟಿದ್ದು ಅಂತ ಅವಳೇ ಕೇಳಿ ಬರೆದುಕೊಂಡಳು. ನಡುನಡುವೆ ಎದ್ದು ಆ ಹಾಳೆ ನೋಡಿ ಬರುತ್ತಿದ್ದಳು. ಆ ರಾತ್ರಿ ಮಲಗುವಾಗ, ‘ನಾನು ನಿನ್ನ ಕ್ಲಾಸಿಗೆ ಬಂದಿದ್ದರೆ ನನ್ನ ಫ್ರೆಂಡ್ ಆಗ್ತಿದ್ಯಾಮ್ಮ?’ ಅಂತ ಕೇಳಿದಳು. ಅಮ್ಮ ಅಪ್ಪನಿಗೂ ಒಂದು ಹದಿನೇಳು ವರ್ಷ ಇತ್ತು ಅನ್ನುವುದು ಅವಳಿಗೆ ಮೊದಲ ಸಲ ತಟ್ಟಿದ್ದು ಅವತ್ತು. ಈ ಸಿನಿಮಾ ತೋರಿಸಿ ಅಂತ ನಾನು ಹೇಳುವುದು ಇದಕ್ಕೇ.

ಸಬ್‌ಟೈಟಲ್ ಹಾಕಿ ನೋಡುವುದಾದರೆ ಮಗಳ ಓದಿನ ವೇಗ ನೋಡಿಕೊಳ್ಳಿ. ಡಾಕ್ ತುಂಬಾ ಬಿರುಸಾಗಿ ಮಾತಾಡುತ್ತಾನೆ. ಸಂಜೆಗಿಂತ ಮಧ್ಯಾಹ್ನವೇ ಒಳ್ಳೆಯದು, ಮಾತಾಡಲು ಮಲಗುವ ಹೊತ್ತಿನವರೆಗೆ ಸಮಯ ಸಿಗುತ್ತದೆ.

ಸಿನಿಮಾ ಮುಗಿಯುವಾಗ ಕಾರು ಹಾರುತ್ತದೆ, ಮಕ್ಕಳು ಕೂಡಲೇ ಎರಡನೇ ಭಾಗ ಹಾಕು ಅಂತಾರೆ. ಹಾಕಬೇಡಿ. 1989ರ ಎರಡನೇ ಭಾಗ ಇದಕ್ಕಿಂತ ಕತ್ತಲೆ. ಅದರಲ್ಲಿ ಒಂದು ಬದಲಾದ ಲೋಕ ಬರುತ್ತದೆ. ಬಿಫ್ ಅಲ್ಲಿ ದೊಡ್ಡ ಶ್ರೀಮಂತ, ಜಾರ್ಜ್‌ನನ್ನು ಕೊಂದು ಲೊರೇನ್‌ಳನ್ನು ಮದುವೆಯಾಗಿರುತ್ತಾನೆ. ಮಾರ್ಟಿ ಅಪ್ಪನ ಸಮಾಧಿಯ ಮುಂದೆ ಕುಸಿಯುತ್ತಾನೆ. ನನ್ನ ಮಗಳಿಗೆ ಅದನ್ನು ಹನ್ನೆರಡು ತುಂಬಿದ ಮೇಲೆ ತೋರಿಸಿದೆ. 1990ರ ಮೂರನೇ ಭಾಗ ಕುದುರೆ, ರೈಲು, ಕೌಬಾಯ್‌ಗಳದ್ದು, ಹೆಚ್ಚು ಹಗುರ. ಆದರೆ ಎರಡನೆಯದು ಕಥೆಯ ನಡುವೆಯೇ ನಿಲ್ಲುತ್ತದೆ, ಹಾಗಾಗಿ ಅವೆರಡನ್ನೂ ಒಂದೇ ವಾರದಲ್ಲಿ ಇಟ್ಟುಕೊಳ್ಳಿ.